ವಿಜಯನಗರದಿಂದ ಇಂದಿರಾನಗರಕ್ಕೆ: ಒಂದು ದನಿಯ ರಿವ್ಯೂ

ಮೊದಲೇ ಹೇಳಿಬಿಡುತ್ತೇನೆ, ಇದು ಬೆಂಗಳೂರಿನ ನಮ್ಮ ಮೆಟ್ರೋದ ಪೂರ್ತಿ ರಿವ್ಯೂ ಅಲ್ಲ. ರಶ್ಶು, ಪಾರ್ಕಿಂಗು, ಟಿಕೆಟ್ ದರ, ಇವುಗಳ ಬಗ್ಗೆ ಬರೆಯುವುದಕ್ಕೆ ಊರಲ್ಲಿ ಬೇಕಾದಷ್ಟು ಜನ ಇದ್ದಾರೆ. 2025ರ ಫೆಬ್ರವರಿಯಲ್ಲಿ ಗರಿಷ್ಠ ದರ 60 ರೂಪಾಯಿಯಿಂದ 90ಕ್ಕೆ ಏರಿದಾಗ ಅದರ ಮಾತೂ ಬೇಕಾದಷ್ಟು ಆಯಿತು. ನಾನು ರಿವ್ಯೂ ಮಾಡಲು ಹೊರಟಿರುವುದು ಒಂದೇ ಒಂದನ್ನ. ರೈಲಿನೊಳಗೆ ‘ಮುಂದಿನ ನಿಲ್ದಾಣ’ ಅಂತ ಒಂದು ಕನ್ನಡ ದನಿ ಶುರುವಾಗುತ್ತಲ್ಲ, ಅದನ್ನ. ನಟಿ, ನಿರೂಪಕಿ ಅಪರ್ಣಾ ಅವರ ದನಿ.

ಇದಕ್ಕೂ ರಿವ್ಯೂ ಬೇಕಾ ಅಂತ ಕೇಳಬಹುದು. ಇಡ್ಲಿಯ ಮೆತ್ತನೆಗೆ ಮೂರು ಪುಟ ಬರೆಯುತ್ತೀವಿ, ಚಪ್ಪಲಿಯ ಹಿಮ್ಮಡಿಗೆ ಸ್ಟಾರ್ ಕೊಡುತ್ತೀವಿ. ದಿನಾ ಕಿವಿಗೆ ಬೀಳುವುದಕ್ಕೆ ಯಾಕೆ ಬೇಡ?

ನನ್ನ ದಾರಿ ಪರ್ಪಲ್ ಲೈನಿನಲ್ಲಿ ವಿಜಯನಗರದಿಂದ ಇಂದಿರಾನಗರ. ವಾರಕ್ಕೆ ನಾಲ್ಕು ದಿನ, ಹೋಗುವಾಗ ಒಂದು ಸಲ, ಬರುವಾಗ ಒಂದು ಸಲ. ಹತ್ತಿ ಇಳಿಯುವಷ್ಟರಲ್ಲಿ ಹನ್ನೊಂದು ನಿಲ್ದಾಣದ ಹೆಸರು ಕೇಳಿಸುತ್ತದೆ. ಲೆಕ್ಕ ಹಾಕಿ ನೋಡಿ, ದಿನಕ್ಕೆ 22, ವಾರಕ್ಕೆ 88. ನನ್ನ ಸ್ವಂತ ತಂಗಿ ವರ್ಷಕ್ಕೆ ಅಷ್ಟು ಸಲ ನನ್ನ ಜೊತೆ ಮಾತಾಡಲ್ಲ.

ಆ ಹನ್ನೊಂದು ಹೆಸರೂ ಸುಲಭದವಲ್ಲ. ಬೋರ್ಡುಗಳನ್ನ ಒಮ್ಮೆ ಜೋರಾಗಿ ಓದಿ ನೋಡಿ. ಶ್ರೀ ಬಾಲಗಂಗಾಧರನಾಥ ಸ್ವಾಮೀಜಿ ನಿಲ್ದಾಣ, ಹೊಸಹಳ್ಳಿ. ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ ರೈಲು ನಿಲ್ದಾಣ. ನಾಡಪ್ರಭು ಕೆಂಪೇಗೌಡ ನಿಲ್ದಾಣ, ಮೆಜೆಸ್ಟಿಕ್. ಸರ್ ಎಂ. ವಿಶ್ವೇಶ್ವರಯ್ಯ ನಿಲ್ದಾಣ, ಸೆಂಟ್ರಲ್ ಕಾಲೇಜು. ಡಾ. ಬಿ.ಆರ್. ಅಂಬೇಡ್ಕರ್ ನಿಲ್ದಾಣ, ವಿಧಾನ ಸೌಧ. ಐದು ಹೆಸರು ಮುಗಿಸುವಷ್ಟರಲ್ಲಿ ಉಸಿರು ಬಿಡಬೇಕಾಗುತ್ತದೆ. ಬಿಎಂಟಿಸಿ ಕಂಡಕ್ಟರ್ ಆಗಿದ್ದರೆ ‘ಯಾರ್ರೀ ಮೆಜೆಸ್ಟಿಕ್’ ಅಂತ ಒಂದೇ ಏಟಿಗೆ ಮುಗಿಸುತ್ತಿದ್ದರು. ಮೆಟ್ರೋದಲ್ಲಿ ಹಾಗೆ ಹೇಳುವ ಹಾಗಿಲ್ಲ. ಪೂರ್ತಿ ಹೆಸರು ಹೇಳಬೇಕು, ಬಾಗಿಲು ಯಾವ ಕಡೆ ತೆರೆಯುತ್ತದೆ ಅನ್ನುವುದನ್ನೂ ಹೇಳಬೇಕು, ಹಿಂದೆಯೇ ಇಂಗ್ಲಿಷ್ ಬರುತ್ತದೆ, ಅದಕ್ಕೂ ಜಾಗ ಬಿಡಬೇಕು, ಇಷ್ಟೆಲ್ಲ ಆದ ಮೇಲೂ ಕೇಳುವವರಿಗೆ ಯಾರೋ ಓಡಿಸಿಕೊಂಡು ಬರುತ್ತಿದ್ದಾರೆ ಅನ್ನಿಸಬಾರದು.

ಅಪರ್ಣಾ ಅವರ ದನಿಯಲ್ಲಿ ಆ ಅವಸರವೇ ಇಲ್ಲ. ಗಮನ ಇಟ್ಟು ಕೇಳಿದರೆ ಗೊತ್ತಾಗುತ್ತದೆ, ಅವರು ಹೆಸರನ್ನ ಓದುತ್ತಿಲ್ಲ, ಹೇಳುತ್ತಿದ್ದಾರೆ. ‘ನಿಲ್ದಾಣ’ದ ಣ ನೋಡಿ. ನಾಲಿಗೆ ಮೇಲಕ್ಕೆ ಮಡಚಿ ಬಂದ ಣ ಅದು. ನಮ್ಮಲ್ಲಿ ಅರ್ಧ ಊರು ಈಗ ‘ನಿಲ್ದಾನ’ ಅನ್ನುತ್ತದೆ. ಹೊಸಹಳ್ಳಿಯ ಳ್ಳಿ, ರಾಯಣ್ಣನ ಣ್ಣ, ಯಾವುದೂ ಸವೆದಿಲ್ಲ. ಹಾಗಂತ ಭಾಷಣದ ಕನ್ನಡವೂ ಅಲ್ಲ. ಕೆಲವರಿಗೆ ಶುದ್ಧವಾಗಿ ಮಾತಾಡಿ ಅಂದರೆ ಸಾಕು, ಎದೆ ಉಬ್ಬಿಸಿಕೊಂಡು ಯಕ್ಷಗಾನದ ರಾಜನ ಹಾಗೆ ಶುರು ಮಾಡುತ್ತಾರೆ. ಇವರದು ಪಕ್ಕದ ಮನೆಯವರು ಗೇಟಿನ ಹತ್ತಿರ ನಿಂತು ದಾರಿ ಹೇಳಿದ ಹಾಗಿರುತ್ತದೆ. ನನಗೆ ಜಾಸ್ತಿ ಇಷ್ಟ ಹಲಸೂರು. ಇಂಗ್ಲಿಷರ ಬಾಯಲ್ಲಿ ಅಲ್ಸೂರ್ ಆಗಿ, ಆಮೇಲೆ ನಮ್ಮ ಬಾಯಲ್ಲೂ ಹಾಗೇ ಉಳಿದುಬಿಟ್ಟ ಊರದು. ಇವರು ಅದರ ಹ ವಾಪಸ್ ತಂದು ಕೂರಿಸುತ್ತಾರೆ. ಹಲಸಿನ ಹಣ್ಣಿನ ಹ.

ಇದು ದೊಡ್ಡ ವಿಷಯವಾ? ಹೋಲಿಸಿ ನೋಡಿದರೆ ಹೌದು. ನನ್ನ ಖಾತೆ ಇರುವ ಒಂದು ಬ್ಯಾಂಕಿಗೆ ಫೋನ್ ಮಾಡಿದರೆ, ‘ಖಾತೆಯ ಸಮತೋಲನ ತಿಳಿಯಲು ಒಂದನ್ನು ಒತ್ತಿ’ ಅಂತ ಒಂದು ಯಂತ್ರ ಹೇಳುತ್ತದೆ. ಬ್ಯಾಲೆನ್ಸ್ ಅಂದರೆ ಅದಕ್ಕೆ ಸಮತೋಲನ! ತಿಂಗಳ ಕೊನೆಯಲ್ಲಿ ನನ್ನ ಖಾತೆಗೆ ಸಮತೋಲನ ಇರುವುದಿಲ್ಲ ಅನ್ನುವುದು ನಿಜವೇ, ಆದರೂ. ಅಪ್ಪನ ಮಂಡಿ ನೋವಿಗೆ ಹೋಗುತ್ತಿದ್ದ ಆಸ್ಪತ್ರೆಯ ಲಿಫ್ಟು ‘ಭಾಗಿಲು ಮುಚ್ಚುತ್ತಿದೆ’ ಅನ್ನುತ್ತಿತ್ತು. ಭಾಗಿಲು. ಅಪ್ಪ ಆರು ತಿಂಗಳು ಅದನ್ನೇ ಹೇಳಿ ನಗುತ್ತಿದ್ದರು, ಮಂಡಿ ನೋವಿಗಿಂತ ಅದೇ ಜಾಸ್ತಿ ನೆನಪಿದೆ. ಒಂದು ಟ್ಯಾಕ್ಸಿ ಆ್ಯಪ್ ಇದೆ, ಅದರ ಕನ್ನಡ ಕೇಳಿದರೆ ಡ್ರೈವರ್ರೇ ಮುಜುಗರಪಟ್ಟುಕೊಂಡು ಸೌಂಡ್ ಕಡಿಮೆ ಮಾಡುತ್ತಾರೆ. ಇದನ್ನೆಲ್ಲ ಕೇಳಿಸಿಕೊಂಡು ಮೆಟ್ರೋ ಹತ್ತಿದರೆ, ಬಿಸಿಲಲ್ಲಿ ನಡೆದು ಬಂದವರಿಗೆ ಮಜ್ಜಿಗೆ ಕೊಟ್ಟ ಹಾಗೆ.

ನಾನು ಈ ದನಿಯನ್ನ ಬರೀ ದನಿ ಅಂತ ಕೇಳುತ್ತಿದ್ದೆ. ಅದು ಯಾರದು ಅಂತ ಯೋಚಿಸುವ ಹಾಗೆ ಮಾಡಿದ್ದು ಅಮ್ಮ. ಅಮ್ಮ ಇರುವುದು ತಿಪಟೂರಿನಲ್ಲಿ. ಮೊದಲ ಸಲ ಅವರನ್ನ ಮೆಟ್ರೋ ಹತ್ತಿಸಿದಾಗ, ಎಸ್ಕಲೇಟರ್ ಗಾಬರಿ ಕಳೆದು, ಸೀಟು ಸಿಕ್ಕಿ, ಬ್ಯಾಗು ಮಡಿಲಲ್ಲಿ ಇಟ್ಟುಕೊಂಡು ಕೂತವರು, ಮಾಗಡಿ ರಸ್ತೆ ಬರುವ ಹೊತ್ತಿಗೆ ತಲೆ ಎತ್ತಿ ಛಾವಣಿ ನೋಡಿದರು. ಪಕ್ಕದವರಿಗೂ ಕೇಳಿಸುವ ಹಾಗೆ, ‘ಏ, ಇದು ಅಪರ್ಣಾ ಅಲ್ವೇನೇ?’ ಅಂದರು. ನನಗೆ ಮುಖದ ನೆನಪೇ ಬರಲಿಲ್ಲ. ‘ದೂರದರ್ಶನದ ಅಪರ್ಣಾ ಕಣೇ, ದೊಡ್ಡ ಬೊಟ್ಟು ಇಟ್ಟುಕೊಂಡು ಬರುತ್ತಿದ್ದಳಲ್ಲ’ ಅಂತ ಅಮ್ಮನೇ ಹೇಳಿದರು. ಎದುರು ಸೀಟಿನ ಇಬ್ಬರು ಹೆಂಗಸರು ತಲೆಯಾಡಿಸಿದರು. ಮೂವರೂ ಮೆಜೆಸ್ಟಿಕ್ ತನಕ ಅದೇ ಮಾತಾಡಿದರು. ನಾನು ಮಧ್ಯದಲ್ಲಿ ಪರಕೀಯಳ ಹಾಗೆ ಕೂತಿದ್ದೆ.

ಆವತ್ತು ರಾತ್ರಿ ಕೂತು ಹುಡುಕಿದೆ. ಹುಡುಕುತ್ತಾ ಹೋದ ಹಾಗೆ ಒಂದು ವಿಷಯ ತಮಾಷೆ ಅನ್ನಿಸಿತು.

ಅಪರ್ಣಾ ಅವರ ಮೊದಲ ಸಿನಿಮಾ ಪುಟ್ಟಣ್ಣ ಕಣಗಾಲರ ಕೊನೆಯ ಸಿನಿಮಾ. ತ.ರಾ.ಸು. ಅವರ ಕಾದಂಬರಿಯಿಂದ ಬಂದ ‘ಮಸಣದ ಹೂವು’. ಅಂಬರೀಶ್, ಜಯಂತಿ ಇದ್ದಾರೆ. 1985ರಲ್ಲಿ ಪುಟ್ಟಣ್ಣ ತೀರಿಕೊಂಡ ಮೇಲೆ ಉಳಿದ ಕೆಲಸ ಮುಗಿಸಿದ್ದು ಕೆ.ಎಸ್.ಎಲ್. ಸ್ವಾಮಿ. ‘ಕನ್ನಡ ನಾಡಿನ ಕರಾವಳಿ’ ಹಾಡು ಇರುವುದು ಇದರಲ್ಲೇ, ನವೆಂಬರ್ ಬಂತು ಅಂದರೆ ಆಟೋ ಸ್ಟ್ಯಾಂಡಿನಲ್ಲೂ ಕೇಳಿಸುವ ಹಾಡು. ಪುಟ್ಟಣ್ಣ ಆರಿಸಿದ ಹುಡುಗಿ ಅಂದರೆ ಆಗಿನ ಕಾಲಕ್ಕೆ ಅದೊಂದು ಮುದ್ರೆ ಬಿದ್ದ ಹಾಗೆ. ಕಲ್ಪನಾ, ಆರತಿ ಇವರನ್ನೆಲ್ಲ ನೆನೆದುಕೊಂಡು, ಇವಳೂ ನಾಯಕಿ ಆಗುತ್ತಾಳೆ ಅಂತ ಎಲ್ಲರೂ ಅಂದುಕೊಂಡಿರಬೇಕು. ಹಾಗೆ ಆಗಲಿಲ್ಲ. ಮೈ ಚಳಿ ಬಿಡಿಸಿ ಬೆಳೆಸಬೇಕಾದ ನಿರ್ದೇಶಕರೇ ಹೊರಟುಹೋದರು. ಆಮೇಲಿನ ಸಿನಿಮಾಗಳಲ್ಲಿ ಇವರದು ಎರಡನೇ ಸಾಲು. 1989ರ ‘ಇನ್ಸ್‌ಪೆಕ್ಟರ್ ವಿಕ್ರಂ’ನಲ್ಲಿ ಶಿವರಾಜ್‌ಕುಮಾರ್ ಸಿನಿಮಾ ಪೂರ್ತಿ ಓಡಾಡುತ್ತಾರೆ, ಅಪರ್ಣಾ ಪಕ್ಕದಲ್ಲಿ ಬಂದು ಹೋಗುತ್ತಾರೆ. ಆ ಕಾಲದಲ್ಲಿ ಅಂಥ ಪಾತ್ರಕ್ಕೆ ಇರುತ್ತಿದ್ದುದು ಅಳುವುದು, ಕಾಫಿ ತರುವುದು, ಅಣ್ಣಾ ಅನ್ನುವುದು, ಅಷ್ಟೇ. ಅದರ ಬಗ್ಗೆ ಬರೆಯುವುದಕ್ಕೆ ಏನೂ ಇಲ್ಲ.

ಹಾಗಾಗಿ ಅವರು ಬೇರೆ ಬಾಗಿಲಿಂದ ಒಳಗೆ ಬಂದರು ಅನ್ನಬಹುದು. ಆಕಾಶವಾಣಿಯಲ್ಲಿ ವಿವಿಧ ಭಾರತಿ, ದೂರದರ್ಶನದಲ್ಲಿ ನಿರೂಪಣೆ, ಸರ್ಕಾರಿ ಸಮಾರಂಭಗಳ ವೇದಿಕೆ. 1998ರ ದೀಪಾವಳಿ ಕಾರ್ಯಕ್ರಮದಲ್ಲಿ ಸತತ ಎಂಟು ಗಂಟೆ ನಿರೂಪಣೆ ಮಾಡಿದ್ದರು. ಎಂಟು ಗಂಟೆ! ಆಫೀಸಿನಲ್ಲಿ ಅರ್ಧ ಗಂಟೆ ಮೀಟಿಂಗ್ ನಡೆಸಿದರೆ ನನಗೆ ಗಂಟಲು ಒಣಗುತ್ತದೆ.

ನಿರೂಪಣೆ ಅನ್ನುವುದು ಒಂಥರಾ ವಿಚಿತ್ರ ಕೆಲಸ. ವೇದಿಕೆ ಮೇಲೆ ಎಲ್ಲರಿಗಿಂತ ಮೊದಲು ಬರುವುದು ನೀವೇ, ಎಲ್ಲರಿಗಿಂತ ಜಾಸ್ತಿ ಹೊತ್ತು ನಿಲ್ಲುವುದೂ ನೀವೇ, ಆದರೆ ಆ ಕಾರ್ಯಕ್ರಮ ನಿಮ್ಮದಲ್ಲ. ಈಗ ಇವರು ಹಾಡುತ್ತಾರೆ ಅಂತ ಹೇಳಿ ಪಕ್ಕಕ್ಕೆ ಸರಿಯಬೇಕು. ಮೈಕ್ ಕೆಟ್ಟರೆ, ಮಂತ್ರಿಗಳು ಒಂದು ಗಂಟೆ ತಡವಾದರೆ, ಅಷ್ಟೂ ಹೊತ್ತು ತುಂಬಿಸಬೇಕು. ಅವರು ಬಂದ ತಕ್ಷಣ ಅರ್ಧ ವಾಕ್ಯದಲ್ಲೇ ಬಾಯಿ ಮುಚ್ಚಬೇಕು. ಈಗಿನ ತುಂಬಾ ನಿರೂಪಕರಿಗೆ ಈ ಸರಿಯುವ ಕೆಲಸ ಬರುವುದಿಲ್ಲ. ಹಾಡುಗಾರರಿಗಿಂತ ಜೋರಾಗಿ ಅವರೇ ಕಿರುಚುತ್ತಾರೆ, ಅವರೇ ಕುಣಿಯುತ್ತಾರೆ. ಅದೂ ಒಂದು ಶೈಲಿ ಬಿಡಿ, ನೋಡುವವರು ಇದ್ದಾರೆ. ಆದರೆ ಎರಡನೇ ಸಾಲಿನಲ್ಲಿ ನಿಂತು ಕಲಿತವರಿಗೆ ಮಾತ್ರ ಬರುವ ಒಂದು ಅಳತೆ ಇದೆ, ಅದು ಅಪರ್ಣಾಗೆ ಇತ್ತು ಅನ್ನುವುದು ನನ್ನ ಅಭಿಪ್ರಾಯ. ಮೆಟ್ರೋ ದನಿಯಲ್ಲೂ ಅದೇ ಇರುವುದು. ಅದು ನಿಮ್ಮ ಊರಿನ ಹೆಸರು ಹೇಳುತ್ತದೆ, ತನ್ನ ಹೆಸರು ಹೇಳಲ್ಲ.

ಧಾರಾವಾಹಿಗಳ ವಿಷಯ ಬೇಗ ಮುಗಿಸುತ್ತೇನೆ. ‘ಮೂಡಲ ಮನೆ’ಯಲ್ಲಿ ಇದ್ದರು, ಟಿ.ಎನ್. ಸೀತಾರಾಂ ಅವರ ‘ಮುಕ್ತ’ದಲ್ಲಿ ಇದ್ದರು. ಎರಡೂ ನಮ್ಮ ಮನೆಯಲ್ಲಿ ನಡೆಯುತ್ತಿದ್ದವು, ಆದರೆ ಆಗ ನನಗೆ ಪಿಯುಸಿ ಲೆಕ್ಕದ ತಲೆನೋವು. 2013ರಲ್ಲಿ ಬಿಗ್ ಬಾಸ್ ಕನ್ನಡದ ಮೊದಲ ಸೀಸನ್ನಿಗೆ ಹೋದರು. ಸುದೀಪ್ ನಡೆಸಿಕೊಟ್ಟ, ವಿಜಯ್ ರಾಘವೇಂದ್ರ ಗೆದ್ದ ಸೀಸನ್ ಅದು. ಆ ಮನೆಯೊಳಗೆ ಇವರು ಯಾಕೆ ಹೋದರು ಅಂತ ನನಗೆ ಇವತ್ತಿಗೂ ಅರ್ಥ ಆಗಿಲ್ಲ. ಜಗಳ ಆಡಿದಷ್ಟೂ ಕ್ಯಾಮೆರಾ ಸಿಗುವ ಜಾಗದಲ್ಲಿ, ಸರಿದು ನಿಲ್ಲುವುದನ್ನೇ ಕಲಿತವರು ಏನು ಮಾಡಬೇಕು? ಕಾರ್ಯಕ್ರಮದ ನಡುವೆಯೇ ಹೊರಗೆ ಬಂದರು.

ಈಗ ವರಲಕ್ಷ್ಮಿ ವಿಷಯಕ್ಕೆ ಬರೋಣ. ಇದನ್ನ ಬರೆಯುವುದಕ್ಕೇ ನಾನು ಇಷ್ಟೆಲ್ಲ ಶುರು ಮಾಡಿದ್ದು ಅಂದರೂ ಸರಿ.

2015ರಲ್ಲಿ ಕಲರ್ಸ್ ಕನ್ನಡದಲ್ಲಿ ಸೃಜನ್ ಲೋಕೇಶ್ ಅವರ ‘ಮಜಾ ಟಾಕೀಸ್’ ಶುರುವಾಯಿತು. ಅದರಲ್ಲಿ ಅಪರ್ಣಾ ‘ಒನ್ ಆ್ಯಂಡ್ ಓನ್ಲಿ ವರಲಕ್ಷ್ಮಿ’. ಜಗಮಗ ಸೀರೆ, ಒಡವೆ, ಕೈ ಕುಣಿಸುತ್ತಾ ಎಂಟ್ರಿ, ಬಾಯಿ ಬಿಟ್ಟರೆ ಬಡಾಯಿ. ಮೊದಲು ನೋಡಿದಾಗ ನನಗೆ ಸ್ವಲ್ಪ ಬೇಜಾರೇ ಆಗಿತ್ತು. ದೂರದರ್ಶನದ ಅಷ್ಟು ಗೌರವದ ಮುಖ, ಇಲ್ಲಿ ಬಂದು ಎಲ್ಲರ ಹತ್ತಿರ ಗೇಲಿ ಮಾಡಿಸಿಕೊಳ್ಳಬೇಕಾ ಅಂತ. ಅಮ್ಮ ಮಾತ್ರ ಬಿದ್ದು ಬಿದ್ದು ನಗುತ್ತಿದ್ದರು. ನಾನು ‘ಏನಮ್ಮಾ ಇದು’ ಅಂದರೆ, ‘ಸುಮ್ನಿರು, ಅವಳು ಎಷ್ಟು ಖುಷಿಯಾಗಿ ಮಾಡ್ತಿದಾಳೆ ನೋಡು’ ಅನ್ನುತ್ತಿದ್ದರು. ದನಿ ಕೇಳಿ ಛಾವಣಿ ನೋಡಿದ ಅದೇ ಅಮ್ಮ. ನಾನು ಎರಡನ್ನೂ ಒಬ್ಬರೇ ಅಂತ ಜೋಡಿಸಿಯೇ ಇರಲಿಲ್ಲ, ಈ ರಿವ್ಯೂ ಬರೆಯುವವರ ಕಿವಿ ಎಷ್ಟು ಚುರುಕು ಅಂತ ಇದರಿಂದಲೇ ತಿಳಿಯಿರಿ.

ಈಗ ಯೂಟ್ಯೂಬಿನಲ್ಲಿ ಆ ತುಣುಕುಗಳನ್ನ ಮತ್ತೆ ನೋಡಿದರೆ ಬೇರೆಯದೇ ಕಾಣಿಸುತ್ತದೆ. ವರ್ಷಗಟ್ಟಲೆ ಬೇರೆಯವರನ್ನ ಪರಿಚಯಿಸಿ ಪಕ್ಕಕ್ಕೆ ಸರಿದವರು, ತಾನೇ ಜಗತ್ತಿನ ದೊಡ್ಡ ತಾರೆ ಅಂದುಕೊಂಡಿರುವ ಹೆಂಗಸಿನ ಪಾತ್ರ ಮಾಡುತ್ತಿದ್ದಾರೆ! ತನ್ನನ್ನ ತಾನೇ ಪರಿಚಯ ಮಾಡಿಕೊಳ್ಳುವ ನಿರೂಪಕಿ. ಆ ನಗು ಹುಟ್ಟುವುದು ಅಲ್ಲಿ. ಮತ್ತೆ ಟೈಮಿಂಗ್ ನೋಡಿ. ಕುರಿ ಪ್ರತಾಪ್ ಒಂದು ಮಾತು ಎಸೆದರೆ, ಇವರು ತಕ್ಷಣ ವಾಪಸ್ ಎಸೆಯುವುದಿಲ್ಲ, ಅರ್ಧ ಕ್ಷಣ ಬಿಟ್ಟು, ಕೇಳಿಸಲೇ ಇಲ್ಲ ಅನ್ನುವ ಹಾಗೆ ಮುಖ ಇಟ್ಟುಕೊಂಡು, ಆಮೇಲೆ. ಆ ಅರ್ಧ ಕ್ಷಣ ಎಲ್ಲಿಂದ ಬಂತು ಅಂತೀರಾ? ರೇಡಿಯೋದಿಂದ. ಎರಡು ಹಾಡಿನ ಮಧ್ಯೆ ಎಷ್ಟು ಖಾಲಿ ಬಿಡಬೇಕು ಅನ್ನುವ ಲೆಕ್ಕ ಅದು. ಬಡಾಯಿಯ ನಡುವೆಯೂ ಅವರ ಣ, ಳ ಎಲ್ಲೂ ಜಾರುವುದಿಲ್ಲ, ಇದು ಇನ್ನೊಂದು ತಮಾಷೆ. ಕಾರ್ಯಕ್ರಮದ ಜೋಕುಗಳು ಎಲ್ಲವೂ ಚೆನ್ನಾಗಿದ್ದವು ಅಂತ ಹೇಳಲ್ಲ. ದಪ್ಪ, ಬಣ್ಣ, ವಯಸ್ಸು ಹಿಡಿದು ಮಾಡಿದ ಜೋಕು ನನಗೆ ಆಗಲೂ ಹಿಡಿಸಲಿಲ್ಲ, ಈಗಲೂ ಇಲ್ಲ. ವರಲಕ್ಷ್ಮಿ ಬಂದಾಗ ಮಾತ್ರ ನಗು ಅವರ ಕೈಯಲ್ಲಿ ಇರುತ್ತಿತ್ತು, ಗೇಲಿ ಮಾಡುವವರ ಕೈಯಲ್ಲಿ ಅಲ್ಲ.

2024ರ ಜುಲೈ 11ರ ರಾತ್ರಿ ಅವರು ತೀರಿಕೊಂಡರು. 57 ವರ್ಷ. ಶ್ವಾಸಕೋಶದ ಕ್ಯಾನ್ಸರ್. ಪತಿ ನಾಗರಾಜ ವಸ್ತಾರೆ ವಾಸ್ತುಶಿಲ್ಪಿ, ಕವಿ. ಕಾಯಿಲೆ ಇದ್ದಿದ್ದು ಬಹಳ ಜನರಿಗೆ ಗೊತ್ತೇ ಇರಲಿಲ್ಲ. ಮರುದಿನ ಶುಕ್ರವಾರ. ಬೆಳಗ್ಗೆ ಅಮ್ಮನ ಫೋನು, ಆಮೇಲೆ ನಾನು ಎಂದಿನ ಹಾಗೆ ಆಫೀಸಿಗೆ ಹೊರಟೆ. ವಿಜಯನಗರದಲ್ಲಿ ಹತ್ತಿದೆ, ಬಾಗಿಲು ಮುಚ್ಚಿತು. ‘ಮುಂದಿನ ನಿಲ್ದಾಣ.’ ಬಾಗಿಲ ಪಕ್ಕ ನಿಂತಿದ್ದ ಹುಡುಗನೊಬ್ಬ ಕಿವಿಯಿಂದ ಇಯರ್‌ಫೋನ್ ತೆಗೆದು ಕೈಯಲ್ಲಿ ಹಿಡಿದುಕೊಂಡ. ಬಹುಶಃ ಚಾರ್ಜ್ ಮುಗಿದಿತ್ತೇನೋ, ಗೊತ್ತಿಲ್ಲ. ಅವನು ಟ್ರಿನಿಟಿಯಲ್ಲಿ ಇಳಿಯುವ ತನಕ ಮತ್ತೆ ಹಾಕಿಕೊಳ್ಳಲಿಲ್ಲ.

ರಿವ್ಯೂ ಅಂದ ಮೇಲೆ ಉಪಯೋಗದ ಮಾತೂ ಇರಬೇಕು. ಚೆನ್ನಾಗಿ ಕೇಳಿಸಿಕೊಳ್ಳಬೇಕು ಅಂದರೆ ಭಾನುವಾರ ಬೆಳಗ್ಗೆ ಹೋಗಿ. ಸಿಟಿ ರೈಲ್ವೆ ಸ್ಟೇಷನ್‌ನಿಂದ ಕಬ್ಬನ್ ಪಾರ್ಕ್ ತನಕ ಐದು ನಿಲ್ದಾಣ ನೆಲದೊಳಗೆ ಇವೆ. ಸುರಂಗ ಅಂದ ಮೇಲೆ ಸದ್ದು ಇದ್ದೇ ಇರುತ್ತದೆ. ಕಬ್ಬನ್ ಪಾರ್ಕ್ ದಾಟಿ ರೈಲು ಮೇಲಕ್ಕೆ ಬಂದು, ಬೆಳಕು ಒಳಗೆ ಬಿದ್ದು, ಚಿನ್ನಸ್ವಾಮಿ ಕ್ರೀಡಾಂಗಣದ ಕಡೆ ಕಣ್ಣು ಹೋಗುವ ಹೊತ್ತಿಗೆ ಬರುವ ‘ಮಹಾತ್ಮ ಗಾಂಧಿ ರಸ್ತೆ’ ಇದೆಯಲ್ಲ, ಅದು ಈ ದಾರಿಯ ಬೆಸ್ಟ್ ಜಾಗ. ಎಂ.ಜಿ. ರೋಡ್ ಅಂತಲೇ ಕರೆದು ಅಭ್ಯಾಸವಾದ ಬೀದಿಗೆ ಪೂರ್ತಿ ಹೆಸರು ಹಿಡಿದು ಕರೆದರೆ, ಸ್ಕೂಲಿನಲ್ಲಿ ಹಾಜರಿ ಕೂಗಿದ ಹಾಗೆ ಇರುತ್ತದೆ. ಬೆಳಗ್ಗೆ ಒಂಬತ್ತೂವರೆಗೆ ಮೆಜೆಸ್ಟಿಕ್‌ನಲ್ಲಿ ಹತ್ತಿ ದನಿ ಸವಿಯುತ್ತೇನೆ ಅಂತ ಹೋಗಬೇಡಿ, ನಿಮ್ಮ ಕಾಲು ಎಲ್ಲಿದೆ ಅನ್ನುವುದೇ ಗೊತ್ತಾಗಲ್ಲ.

ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಅರ್ಧ ಕಡಿಮೆ ಯಾಕೆ ಅಂದರೆ, ಈ ದನಿ ಎಬ್ಬಿಸುವುದಿಲ್ಲ. ಸಂಜೆ ಸೀಟು ಸಿಕ್ಕಿದ ದಿನ ಈ ದನಿ ಕೇಳುತ್ತಾ ಕೇಳುತ್ತಾ ಜೋಗುಳ ಹಾಡಿದ ಹಾಗಾಗಿ ನಿದ್ದೆ ಹೋಗಿ, ವಿಜಯನಗರ ಬಿಟ್ಟು ಮೈಸೂರು ರಸ್ತೆ ತನಕ ಹೋಗಿದ್ದೀನಿ. ಎರಡು ಸಲ. ತಪ್ಪು ನಂದೇ, ಆದರೆ ಸ್ಟಾರ್ ಕೊಡುವವಳೂ ನಾನೇ ಅಲ್ವಾ.

ಹೋದ ತಿಂಗಳು ಅಮ್ಮ ಮತ್ತೆ ಬಂದಿದ್ದರು. ಇಂದಿರಾನಗರದಲ್ಲಿ ಅಕ್ಕನ ಮನೆ ಗೃಹಪ್ರವೇಶ. ಮಧ್ಯಾಹ್ನದ ರೈಲು, ಖಾಲಿ ಇತ್ತು. ಅಮ್ಮನಿಗೆ ಈಗ ಯೂಟ್ಯೂಬ್ ಹುಚ್ಚು. ಬ್ಯಾಗಿನಿಂದ ಫೋನ್ ತೆಗೆದು, ಕನ್ನಡಕ ಏರಿಸಿ, ಏನೋ ಒತ್ತಿದರು. ಜೋರಾಗಿ ಮಜಾ ಟಾಕೀಸ್ ಸಂಗೀತ ಶುರುವಾಯಿತು. ನಾನು ಗಾಬರಿಯಾಗಿ ಫೋನ್ ಕಸಿದುಕೊಳ್ಳಲು ಹೋದೆ, ಮೆಟ್ರೋದಲ್ಲಿ ಹಾಗೆಲ್ಲ ಹಾಕಬಾರದು ಅಂತ. ಅಷ್ಟರಲ್ಲಿ ಕೈಯೊಳಗಿನ ಅಪರ್ಣಾ ಒನ್ ಆ್ಯಂಡ್ ಓನ್ಲಿ ವರಲಕ್ಷ್ಮಿ ಅಂತ ಬಂದೇ ಬಿಟ್ಟರು, ಅದೇ ಹೊತ್ತಿಗೆ ಛಾವಣಿಯ ಅಪರ್ಣಾ ಮುಂದಿನ ನಿಲ್ದಾಣ ಹಲಸೂರು ಅಂದರು. ಅಮ್ಮ ಫೋನ್ ನೋಡಿದರು, ಮೇಲೆ ನೋಡಿದರು, ಮತ್ತೆ ಫೋನ್ ನೋಡಿದರು. ಆಮೇಲೆ ಫೋನಿನ ಸೌಂಡ್ ಕಡಿಮೆ ಮಾಡಿ, ‘ತಡಿ, ಅವಳು ಮೊದಲು ಹೇಳಿ ಮುಗಿಸಲಿ’ ಅಂದರು.